ಹಳ್ಳದ ಹೆಸರು

ಹಳ್ಳ ಅಂದರೆ ಹರಿಯುವ ಸಣ್ಣ ನೀರು. ತಗ್ಗು, ಗುಂಡಿಯೂ ಹಳ್ಳವೇ. ಹಳಗನ್ನಡದಲ್ಲಿ ಇದು ಪಳ್ಳ. ಹಾಲು ಆಗ ಪಾಲ್ ಆಗಿದ್ದ ಹಾಗೆ. ತಮಿಳಿನ ಪಳ್ಳಂ ಇಂದಿಗೂ ತಗ್ಗೇ. ಕರಾವಳಿಯಲ್ಲಿ ಸಣ್ಣ ಹೊಳೆಯನ್ನು ತೋಡು ಎನ್ನುತ್ತಾರೆ. ಅಗೆಯುವುದಕ್ಕೂ ನಮ್ಮಲ್ಲಿ ಅದೇ ಮಾತು.

ಅಂದರೆ ಹಿರಿಯರು ಹೆಸರಿಟ್ಟದ್ದು ನೀರಿಗಲ್ಲ, ನೀರು ಹರಿಯುವ ಜಾಗಕ್ಕೆ. ಇದು ನನಗೆ ಬಹಳ ಹಿಡಿಸುತ್ತದೆ. ಬಯಲುಸೀಮೆಯ ಎಷ್ಟೋ ಹಳ್ಳಗಳು ವರ್ಷದ ಬಹುಕಾಲ ಒಣಗಿರುತ್ತವೆ. ಆದರೂ ಅವು ಹಳ್ಳಗಳೇ. ಬೇಸಿಗೆಯಲ್ಲಿ ಹೆಣ್ಣುಮಕ್ಕಳು ಅಲ್ಲಿಯ ಮರಳನ್ನು ಮೊಣಕೈ ಆಳಕ್ಕೆ ಬಗೆದು ಕಾಯುತ್ತಾರೆ. ಮೊದಲು ಮರಳಿನ ಬಣ್ಣ ಗಾಢವಾಗುತ್ತದೆ. ಆಮೇಲೆ ರಾಡಿನೀರು. ಅದನ್ನು ಚೆಲ್ಲಿದ ಮೇಲೆ ತಿಳಿನೀರು ಜಿನುಗುತ್ತದೆ. ಅದೇ ಒರತೆ. ಬಟ್ಟಲಲ್ಲಿ ಮೊಗೆಮೊಗೆದು ಕೊಡ ತುಂಬಿಸಬೇಕು.

ಮಳೆಗಾಲದಲ್ಲಿ ನವಲಗುಂದದ ಕಡೆಯ ಬೆಣ್ಣೆಹಳ್ಳವನ್ನು ನೋಡಿ. ಮಲಪ್ರಭೆಯನ್ನು ಸೇರುವ ಈ ಹಳ್ಳ ಉಕ್ಕಿದರೆ ಎರೆಹೊಲಗಳೆಲ್ಲ ನೀರೇ ನೀರು.

ಈಗ ಊರಂಚಿನ ಒಣಹಳ್ಳಕ್ಕೆ ಮಣ್ಣು ತುಂಬಿ ನಿವೇಶನ ಮಾಡುತ್ತಿದ್ದೇವೆ. ದೊಡ್ಡ ಮಳೆಗೆ ಮನೆಯೊಳಗೆ ನೀರು ಬಂದಾಗ ಗಾಬರಿಯಾಗುತ್ತೇವೆ. ಜಾಗ ಕೊಳ್ಳುವ ಮುಂಚೆ ಆ ಊರಿನ ಅಜ್ಜಂದಿರನ್ನು ಒಮ್ಮೆ ಕೇಳಿ: ಈ ಜಾಗವನ್ನು ಮೊದಲು ಏನೆನ್ನುತ್ತಿದ್ದಿರಿ?