ತಡವಾದ ದಿನಗಳ ಲೆಕ್ಕ
(ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಾನು ಬಿ.ಎ. ಓದೂ ಹುಡುಗ, ವಕೀಲ ಅಲ್ಲ. ಆದರೂ ಜತ್ ತಾಲ್ಲೂಕಿನ ನಮ್ಮ ಮಂದಿಗೆ ಒಂದು ಕಾನೂನು ಗೊತ್ತಿರಲೇಬೇಕು ಅಂತ ಇಲ್ಲಿ ನಿಂತೀನಿ. ದೀಪಾವಳಿ ಮುಗೀತಂದ್ರ ನಮ್ಮವರು ಕಬ್ಬು ಕಡಿಯಾಕ ಹೋಗ್ತಾರ. ಮುಕಾದಮನ ಕಡೆ ಉಚಲ ತಗೊಂಡಿರತಾರ, ನಡುವ ಬಿಟ್ಟು ಬರೂಹಂಗಿಲ್ಲ. ತಿರುಗಿ ಬರೂದು ಯುಗಾದಿ ಹೊತ್ತಿಗೆ. ಹಿಂದ ಲೈಟಿಲ್ಲದ ಟ್ರ್ಯಾಕ್ಟರ್ ಟ್ರಾಲಿ ಮ್ಯಾಲೆ ರಾತ್ರಿ ಕುಂತು ಹೋಗೂ ಆ ದಿನಗಳಾಗ ಅಪಘಾತ ಆದರ, ಪರಿಹಾರ ಕೇಳಾಕ ಎಷ್ಟು ದಿನ ಐತಿ ಗೊತ್ತೇನ್ರಿ? ಆರು ತಿಂಗಳು. ಒಂದು ಹಂಗಾಮು ಮುಗಿಯೂದ್ರಾಗ ಅದರಾಗಿನ ಬಾಳ ದಿನ ಹೋಗಿಬಿಡಬಹುದು.

ಈ ಕಟ್ಟು 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಮೊದಲೇ ಇತ್ತು. 1994ರ ತಿದ್ದುಪಡಿ ಅದನ್ನು ತೆಗೆಯಿತು. 2019ರ ತಿದ್ದುಪಡಿ ಮತ್ತೆ ತಂದಿತು, 2022ರ ಏಪ್ರಿಲ್ 1ರಿಂದ ಜಾರಿಯಾಯಿತು. ಹಳೆಯದರಲ್ಲಿ ತಕ್ಕ ಕಾರಣ ತೋರಿಸಿದರೆ ವರ್ಷದ ತನಕ ಅರ್ಜಿ ತೆಗೆದುಕೊಳ್ಳಲು ಅವಕಾಶವಿತ್ತು; ಹೊಸದರಲ್ಲಿ ಆ ಸಾಲೂ ಇಲ್ಲ. ಇದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋದವು. ಅವು ಇತ್ಯರ್ಥವಾಗುವ ತನಕ ಅವಧಿ ಮೀರಿತು ಎಂದು ಯಾರ ಅರ್ಜಿಯನ್ನೂ ವಜಾ ಮಾಡಬಾರದೆಂದು 2025ರ ನವೆಂಬರ್‌ನಲ್ಲಿ ಕೋರ್ಟು ಮಧ್ಯಂತರ ಆದೇಶ ಕೊಟ್ಟಿತು. ಇದನ್ನ ನಂಬಿ ಆರಾಮ ಕೂಡಬ್ಯಾಡ್ರಿ. ಮಧ್ಯಂತರ ಅಂದ್ರ ಮಧ್ಯಂತರ.

ತಡವಾಗಿದ್ದರೆ ಕಾರಣ ಹೇಳಬೇಕು. "ಬಡವರು, ಓದಿಲ್ಲ, ಕಾನೂನು ಗೊತ್ತಿಲ್ಲ" ಅಂತ ಒಂದೇ ಸಾಲು ಬರೆದು ಹೆಬ್ಬೆಟ್ಟು ಒತ್ತಿಸೂದು ನನಗ ಸೇರೂದಿಲ್ಲ. ಸುಳ್ಳಲ್ಲ ಅದು, ಆದರ ಅದರಾಗ ನೀವು ಕಾಣೂದಿಲ್ಲ. ತಾರೀಖು ಹಾಕಿ ಹೇಳ್ರಿ: ದವಾಖಾನಿಗೆ ಯಾವಾಗ ಸೇರಿಸಿದ್ರು, ಯಾವಾಗ ಬಿಟ್ರು, ಪ್ಲಾಸ್ಟರ್ ಎಂದು ತೆಗೆದ್ರು, ಯಾವ ಫ್ಯಾಕ್ಟರಿ ಕಡೆ ಕಬ್ಬು ಕಡಿಯಾಕತ್ತಿದ್ರಿ, ಪೊಲೀಸ್ ಕಾಗದ ಎಂದು ಕೈಗೆ ಬಂತು. ಡಿಸ್ಚಾರ್ಜ್ ಕಾರ್ಡು, ಔಷಧದ ಬಿಲ್ಲು, ಮುಕಾದಮನ ವಹಿಯ ನಕಲು, ಎಲ್ಲಾ ಹಚ್ಚರಿ. ದಿನದಿನದ ಲೆಕ್ಕ ಕೇಳುವುದನ್ನು ಅತಿಗೆ ಒಯ್ಯಬಾರದು ಎಂದು ಸುಪ್ರೀಂ ಕೋರ್ಟು 1987ರಲ್ಲೇ, ಕಾಶ್ಮೀರದ ಒಂದು ಭೂಸ್ವಾಧೀನ ಪ್ರಕರಣದಲ್ಲಿ ಹೇಳಿದೆ. ಹಾಗಂತ ಖಾಲಿ ಕೈಲೆ ಹೋಗೂದಲ್ಲ.

ಗಡಿಯವರಿಗೆ ಇನ್ನೊಂದು ತೊಡಕು. ಅಪಘಾತ ಕರ್ನಾಟಕದಾಗ, ಮನಿ ಇಲ್ಲಿ. ಕೇಸು ಅಲ್ಲೇ ಹಾಕಬೇಕು ಅಂತಿಲ್ಲ. 166ನೇ ಕಲಮಿನ ಪ್ರಕಾರ ನೀವು ವಾಸವಿರುವ ಕಡೆಯ ನ್ಯಾಯಮಂಡಳಿಯಲ್ಲೂ ಹಾಕಬಹುದು. ಆದರೆ ಅಲ್ಲಿನ ಎಫ್‌ಐಆರ್ ಕನ್ನಡದಲ್ಲಿ, ಇಲ್ಲಿನ ವ್ಯವಹಾರ ಮರಾಠಿಯಲ್ಲಿ. ಅನುವಾದಕ್ಕೆ ಹೋದ ದಿನಗಳೂ ತಡದ ಕಾರಣವೇ, ಅದನ್ನೂ ಬರೆಸಿರಿ.

ಪೊಲೀಸರಿಗೂ ಕೆಲಸ ಐತಿ. 2022ರ ನಿಯಮದ ಪ್ರಕಾರ ಅಪಘಾತದ ಮೊದಲ ವರದಿಯನ್ನು 48 ಗಂಟೆಯೊಳಗೆ ನ್ಯಾಯಮಂಡಳಿಗೆ ಕಳಿಸಬೇಕು. ಠಾಣೆಗೆ ಹೋಗಿ, ಕಳಿಸೀರೇನ್ರಿ ಅಂತ ಕೇಳ್ರಿ, ನಕಲು ಇಸ್ಕೊಳ್ರಿ.

ವಕೀಲರ ಫೀ ಎಲ್ಲಿಂದ ತರೂದು ಅಂತ ಸುಮ್ಮನ ಕೂತವರು ಬಾಳ ಮಂದಿ ಅದಾರ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಹೇಳುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಕೊಟ್ಟರಾಯ್ತು.

ಮನಿಯಾಗ ಟ್ರಂಕಿನೊಳಗ ಇಂಥ ಕಾಗದ ಇದ್ದವರು ತಗೊಂಡು ಬರ್ರಿ. ಕನ್ನಡ, ಮರಾಠಿ ಎರಡೂ ಓದೂ ಹುಡುಗರು ನಾವು ಇಲ್ಲೇ ಅದೀವಿ. ತಾರೀಖು ನೋಡಿ, ಎಷ್ಟು ದಿನ ಉಳಿದಾವ ಅಂತ ಮೊದಲು ಎಣಿಸೋಣ.