ಪಾವತಿ ಮಾಡುವವರ ಹೊಣೆ: ಮೂಲದಲ್ಲಿ ತೆರಿಗೆ ಕಡಿತ



ಆದಾಯ ತೆರಿಗೆ ಎಂದೊಡನೆ ತನ್ನ ಆದಾಯದ ಮೇಲೆ ತಾನು ತೆರುವ ತೆರಿಗೆ ಎಂಬುದಷ್ಟೇ ಸಾಮಾನ್ಯವಾಗಿ ಮನಸ್ಸಿಗೆ ಬರುತ್ತದೆ. ಆದರೆ ಇನ್ನೊಬ್ಬರಿಗೆ ಹಣ ಕೊಡುವಾಗ, ಅವರು ತೆರಬೇಕಾದ ತೆರಿಗೆಯ ಒಂದು ಭಾಗವನ್ನು ಮುರಿದುಕೊಂಡು ಸರ್ಕಾರಕ್ಕೆ ಜಮಾ ಮಾಡುವ ಹೊಣೆಯನ್ನೂ ಕಾನೂನು ಅನೇಕರ ಮೇಲೆ ಹೊರಿಸಿದೆ. ಇದಕ್ಕೆ ಮೂಲದಲ್ಲಿ ತೆರಿಗೆ ಕಡಿತ ಎಂದು ಹೆಸರು. ಬಳಕೆಯ ಮಾತಿನಲ್ಲಿ ಇದು ಟಿ.ಡಿ.ಎಸ್. ದೊಡ್ಡ ಕಂಪನಿಗಳಲ್ಲಿ ಈ ಕೆಲಸಕ್ಕೆ ಪ್ರತ್ಯೇಕ ವಿಭಾಗವೇ ಇರುತ್ತದೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿರುವ ಕನ್ನಡ ಸಂಘಗಳ ಗೌರವ ಖಜಾಂಚಿಗೆ ಅಂತಹ ಅನುಕೂಲವಿಲ್ಲ. ಬಾಡಿಗೆ ಮನೆಯಲ್ಲಿರುವ ನೌಕರನಿಗೂ ಇಲ್ಲ. ಆದರೂ ಕಾನೂನಿನ ಹೊಣೆ ಇವರಿಗೂ ತಪ್ಪಿದ್ದಲ್ಲ.

ಪದ್ಧತಿಯ ಹಿನ್ನೆಲೆ

ಈ ಪದ್ಧತಿ ಹೊಸದೇನಲ್ಲ. 1922ರ ಆದಾಯ ತೆರಿಗೆ ಕಾಯ್ದೆಯಲ್ಲಿಯೇ ಸಂಬಳ ಮತ್ತು ಸಾಲಪತ್ರಗಳ ಬಡ್ಡಿಯ ಮೇಲೆ ಮೂಲದಲ್ಲಿಯೇ ತೆರಿಗೆ ಮುರಿದುಕೊಳ್ಳುವ ಏರ್ಪಾಡು ಇದ್ದಿತು. 1961ರ ಕಾಯ್ದೆ ಅದನ್ನು ಕ್ರಮೇಣ ಗುತ್ತಿಗೆ, ಬಾಡಿಗೆ, ದಲ್ಲಾಳಿ, ವೃತ್ತಿಶುಲ್ಕ ಮೊದಲಾದವುಗಳಿಗೆ ವಿಸ್ತರಿಸಿತು. 2025ರಲ್ಲಿ ಸಂಸತ್ತು ಹೊಸ ಆದಾಯ ತೆರಿಗೆ ಕಾಯ್ದೆಯನ್ನು ಅಂಗೀಕರಿಸಿ, 2026ರ ಏಪ್ರಿಲ್ 1ರಿಂದ ಅದು ಜಾರಿಗೆ ಬರುವಂತೆ ವಿಧಿಸಿತು. ಹಳೆಯ ಕಾಯ್ದೆಯಲ್ಲಿ 194ಸಿ, 194ಐ, 194ಜೆ ಎಂದು ಚದುರಿದ್ದ ಪ್ರಕರಣಗಳು ಹೊಸ ಕಾಯ್ದೆಯಲ್ಲಿ 393ನೆಯ ಪ್ರಕರಣದ ಕೋಷ್ಟಕಗಳಲ್ಲಿ ಒಂದೆಡೆ ಸೇರಿವೆ. ಸಂಬಳಕ್ಕೆ ಸಂಬಂಧಿಸಿದ್ದು 392ನೆಯ ಪ್ರಕರಣ. ಸಂಖ್ಯೆಗಳು ಬದಲಾದರೂ ತತ್ತ್ವ ಬದಲಾಗಿಲ್ಲ. ಮುಂದೆ ಹೇಳುವ ಮಿತಿಗಳೂ ದರಗಳೂ 2025ರ ಏಪ್ರಿಲ್ 1ರಂದು ಇದ್ದಂತಹವು. ಪ್ರತಿ ವರ್ಷದ ಮುಂಗಡಪತ್ರದ ನಂತರ ಇವುಗಳನ್ನು ಮತ್ತೆ ನೋಡಿಕೊಳ್ಳುವುದು ಅಗತ್ಯ.

ಸಂಘಗಳಿಗೆ ಅನ್ವಯಿಸುವುದೇ?

“ನಮ್ಮದು ಲಾಭಕ್ಕಾಗಿ ನಡೆಯುವ ಸಂಸ್ಥೆಯಲ್ಲ, ನಮಗೆ ತೆರಿಗೆಯೇ ಇಲ್ಲ, ಇನ್ನು ಕಡಿತವೆಲ್ಲಿಯದು?” ಎಂಬ ಪ್ರಶ್ನೆ ಸಂಘಗಳ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಈ ತರ್ಕದಲ್ಲಿ ಎರಡು ಬೇರೆ ವಿಷಯಗಳು ಬೆರೆತುಹೋಗಿವೆ. ಸಂಘ ಮುರಿದುಕೊಳ್ಳುವುದು ತನ್ನ ತೆರಿಗೆಯನ್ನಲ್ಲ, ಹಣ ಪಡೆಯುವವರ ತೆರಿಗೆಯನ್ನು. ಆದ್ದರಿಂದ ಸಂಘಕ್ಕೆ ಲಾಭವಿದೆಯೇ ಇಲ್ಲವೇ ಎಂಬುದು ಇಲ್ಲಿ ಅಪ್ರಸ್ತುತ.

ಗುತ್ತಿಗೆಯ ಪಾವತಿಗಳಲ್ಲಿ ಕಡಿತ ಮಾಡತಕ್ಕವರ ಪಟ್ಟಿಯಲ್ಲಿ ಕಂಪನಿ, ಪಾಲುದಾರಿಕೆ ಸಂಸ್ಥೆ, ಸಹಕಾರ ಸಂಘ, ಟ್ರಸ್ಟ್‌ಗಳೊಡನೆ ನೋಂದಾಯಿತ ಸಂಘಗಳೂ ಸ್ಪಷ್ಟವಾಗಿ ಸೇರಿವೆ. ಸಂಘವು 1860ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿತವಾಗಿರಲಿ, ತಮಿಳುನಾಡಿನ 1975ರ ಕಾಯ್ದೆಯಂತಹ ರಾಜ್ಯ ಕಾನೂನಿನಡಿ ನೋಂದಾಯಿತವಾಗಿರಲಿ, ಹೊಣೆ ಒಂದೇ. ವ್ಯಕ್ತಿಗಳಿಗಾದರೋ ಹಿಂದಿನ ವರ್ಷದ ವಹಿವಾಟು ವ್ಯಾಪಾರದಲ್ಲಿ 1 ಕೋಟಿ ಅಥವಾ ವೃತ್ತಿಯಲ್ಲಿ 50 ಲಕ್ಷ ರೂಪಾಯಿಗಳನ್ನು ಮೀರಿದ್ದರೆ ಮಾತ್ರ ಈ ಹೊಣೆ ಬರುತ್ತದೆ. ಮಗಳ ಮದುವೆಗೆ ಅಡುಗೆಯವರನ್ನು ಗೊತ್ತುಮಾಡಿದ ಗೃಹಸ್ಥನು ಒಂದು ವರ್ಷದಲ್ಲಿ ಅವರಿಗೆ ಕೊಡುವ ಹಣ 50 ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಕಡಿತದ ಚಿಂತೆ ಮಾಡಬೇಕಾಗಿಲ್ಲ. ಅದೇ ಅಡುಗೆಯವರಿಂದ ರಾಜ್ಯೋತ್ಸವದ ಊಟ ಮಾಡಿಸುವ ನೋಂದಾಯಿತ ಸಂಘ ಚಿಂತೆ ಮಾಡಲೇಬೇಕು.

ಲೆಕ್ಕ ಹಾಕುವ ಬಗೆ

ಅಡುಗೆಯ ಗುತ್ತಿಗೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಒಂದೇ ಪಾವತಿ 30,000 ರೂಪಾಯಿಗಳನ್ನು ಮೀರಿದರೆ, ಅಥವಾ ವರ್ಷದ ಒಟ್ಟು ಪಾವತಿ 1,00,000 ರೂಪಾಯಿಗಳನ್ನು ಮೀರಿದರೆ ಕಡಿತ ಮಾಡತಕ್ಕದ್ದು. ಹಣ ಪಡೆಯುವವರು ವ್ಯಕ್ತಿ ಅಥವಾ ಹಿಂದೂ ಅವಿಭಕ್ತ ಕುಟುಂಬವಾದರೆ ದರ ಶೇಕಡಾ 1. ಪಾಲುದಾರಿಕೆ ಸಂಸ್ಥೆ, ಕಂಪನಿ ಮುಂತಾದವುಗಳಾದರೆ ಶೇಕಡಾ 2.

ಅಡುಗೆಯವರೊಬ್ಬರ ಬಿಲ್ಲು 80,000 ರೂಪಾಯಿ ಎಂದಿಟ್ಟುಕೊಳ್ಳೋಣ. ಅವರು ಸ್ವಂತ ಹೆಸರಿನಲ್ಲಿ ಉದ್ಯೋಗ ನಡೆಸುವವರಾದರೆ 800 ರೂಪಾಯಿ ಮುರಿದುಕೊಂಡು 79,200 ರೂಪಾಯಿಗಳನ್ನು ಕೊಡಬೇಕು. ಸರಕು ಮತ್ತು ಸೇವಾ ತೆರಿಗೆಯನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ತೋರಿಸಿದ್ದರೆ ಅದನ್ನು ಬಿಟ್ಟು ಉಳಿದ ಮೊತ್ತದ ಮೇಲೆ ಮಾತ್ರ ಲೆಕ್ಕ ಹಾಕಬೇಕು. ಹಣ ಪಡೆಯುವವರು ತಮ್ಮ ಪ್ಯಾನ್ ಸಂಖ್ಯೆ ಕೊಡದಿದ್ದರೆ ದರ ಶೇಕಡಾ 20ಕ್ಕೆ ಏರುತ್ತದೆ. ಆಗ ಅದೇ ಬಿಲ್ಲಿನಲ್ಲಿ 16,000 ರೂಪಾಯಿ ಮುರಿಯಬೇಕಾಗುತ್ತದೆ. ಕೆಲಸ ಒಪ್ಪಿಸುವ ದಿನವೇ ಪ್ಯಾನ್ ಸಂಖ್ಯೆ ಪಡೆದು ಪರಿಶೀಲಿಸುವುದರಿಂದ ಉಭಯರಿಗೂ ಹಿತ.

ಇಲ್ಲಿ ಎರಡು ಸೂಕ್ಷ್ಮಗಳನ್ನು ಗಮನಿಸಬೇಕು. ಮೊದಲನೆಯದು ಮುಂಗಡದ ವಿಷಯ. ಹಣ ಕೊಡುವ ದಿನ, ಲೆಕ್ಕದಲ್ಲಿ ಜಮಾ ಬರೆಯುವ ದಿನ, ಇವುಗಳಲ್ಲಿ ಯಾವುದು ಮೊದಲೋ ಅಂದೇ ಕಡಿತವಾಗಬೇಕು. ಮೇಲಿನ ಉದಾಹರಣೆಯಲ್ಲಿ 40,000 ರೂಪಾಯಿ ಮುಂಗಡ ಕೊಟ್ಟರೆ ಆಗಲೇ 400 ರೂಪಾಯಿ ಮುರಿಯಬೇಕು. ಎರಡನೆಯದು ಸಣ್ಣ ಬಿಲ್ಲುಗಳ ವಿಷಯ. ತಲಾ 25,000 ರೂಪಾಯಿಗಳ ಐದು ಬಿಲ್ಲುಗಳಲ್ಲಿ ಯಾವುದೊಂದೂ 30,000ವನ್ನು ಮುಟ್ಟುವುದಿಲ್ಲ. ಆದರೆ ಐದನೆಯದರೊಡನೆ ಮೊತ್ತ 1,25,000 ಆಗಿ ವಾರ್ಷಿಕ ಮಿತಿ ಮೀರುತ್ತದೆ. ಆಗ ಮಿತಿಯ ಮೇಲಿನ 25,000ಕ್ಕಷ್ಟೇ ಅಲ್ಲ, ಇಡೀ 1,25,000ಕ್ಕೆ 1,250 ರೂಪಾಯಿ ಮುರಿಯಬೇಕು. ಬಿಲ್ಲುಗಳನ್ನು ಒಡೆದು ಬರೆಸಿದರೆ ಹೊಣೆ ತಪ್ಪುತ್ತದೆಂಬುದು ಕೇವಲ ಭ್ರಮೆ.

ಸಭಾಂಗಣದ ಬಾಡಿಗೆ ತಿಂಗಳಿಗೆ 50,000 ರೂಪಾಯಿಗಳನ್ನು ಮೀರಿದರೆ ಸಂಘವು ಶೇಕಡಾ 10ರಂತೆ ಕಡಿತ ಮಾಡಬೇಕು. ಲೆಕ್ಕ ಪರಿಶೋಧಕರು, ವಕೀಲರು ಮೊದಲಾದವರ ವೃತ್ತಿಶುಲ್ಕ ವರ್ಷಕ್ಕೆ 50,000 ರೂಪಾಯಿಗಳನ್ನು ಮೀರಿದರೆ ದರ ಶೇಕಡಾ 10.

ಬಾಡಿಗೆದಾರರು ಮತ್ತು ಮನೆ ಕೊಳ್ಳುವವರು

ಮಹಾನಗರಗಳಲ್ಲಿ ತಿಂಗಳಿಗೆ 50,000 ರೂಪಾಯಿಗಳಿಗೂ ಹೆಚ್ಚು ಬಾಡಿಗೆ ಕೊಡುವ ಕುಟುಂಬಗಳು ಈಗ ವಿರಳವಲ್ಲ. ಸಂಬಳದಾರರಾದ ಬಾಡಿಗೆದಾರರೂ ಈ ಮಿತಿ ದಾಟಿದರೆ ಕಡಿತ ಮಾಡಬೇಕು. ಶೇಕಡಾ 5 ಇದ್ದ ದರ 2024ರ ಅಕ್ಟೋಬರ್ 1ರಿಂದ ಶೇಕಡಾ 2ಕ್ಕೆ ಇಳಿಯಿತು. ಪ್ರತಿ ತಿಂಗಳು ಕಡಿತ ಮಾಡಬೇಕಾಗಿಲ್ಲ. ಮಾರ್ಚ್ ತಿಂಗಳಲ್ಲಿ, ಅಥವಾ ಅದಕ್ಕೆ ಮುಂಚೆ ಮನೆ ಬಿಟ್ಟರೆ ಆ ಕೊನೆಯ ತಿಂಗಳಲ್ಲಿ, ಒಮ್ಮೆ ಮಾಡಿದರೆ ಸಾಕು. ತಿಂಗಳ ಬಾಡಿಗೆ 60,000 ಆದರೆ ವರ್ಷಕ್ಕೆ 7,20,000. ಅದರ ಶೇಕಡಾ 2 ಎಂದರೆ 14,400. ಮಾರ್ಚ್ ತಿಂಗಳಲ್ಲಿ ಮಾಲೀಕರಿಗೆ ಸಲ್ಲುವುದು 45,600 ರೂಪಾಯಿ. ಮಾಲೀಕರ ಪ್ಯಾನ್ ಇಲ್ಲದಿದ್ದರೆ ಶೇಕಡಾ 20ರ ಲೆಕ್ಕದಲ್ಲಿ 1,44,000 ಆದರೂ ಕಡಿತವು ಕೊನೆಯ ತಿಂಗಳ ಬಾಡಿಗೆಯಾದ 60,000ವನ್ನು ಮೀರಕೂಡದು.

50 ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚು ಬೆಲೆಯ ಮನೆ ಕೊಳ್ಳುವವರು ಮಾರುವವರಿಗೆ ಕೊಡುವ ಹಣದಲ್ಲಿ ಶೇಕಡಾ 1 ಮುರಿಯಬೇಕು. 60 ಲಕ್ಷದ ಮನೆಗೆ ಅದು 60,000 ರೂಪಾಯಿ. ಈ ಎರಡು ಸಂದರ್ಭಗಳಲ್ಲಿಯೂ ಕಡಿತ ಮಾಡಿದ ತಿಂಗಳು ಮುಗಿದ 30 ದಿನಗಳೊಳಗೆ ಚಲನ್ ಸಹಿತ ವಿವರಣಪತ್ರದ ಮೂಲಕ ಹಣ ಜಮಾ ಮಾಡಬೇಕು. ಕಡಿತದಾರರ ಪ್ರತ್ಯೇಕ ಸಂಖ್ಯೆ ಬೇಕಾಗಿಲ್ಲ. ಆದರೆ ಮಾಲೀಕರು ಅಥವಾ ಮಾರುವವರು ಭಾರತದ ನಿವಾಸಿಗಳಲ್ಲದಿದ್ದರೆ ಈ ಸುಲಭ ಮಾರ್ಗವಾಗಲಿ, ಈ ಮಿತಿಗಳಾಗಲಿ ಅನ್ವಯಿಸುವುದಿಲ್ಲ. ಆಗ ಅನಿವಾಸಿಗಳ ನಿಯಮಗಳನ್ನು ಪಾಲಿಸಬೇಕಾಗುತ್ತದೆ. ಮಾಲೀಕರು ವಿದೇಶದಲ್ಲಿದ್ದು ಇಲ್ಲಿನ ಬಂಧುಗಳು ಬಾಡಿಗೆ ವಸೂಲು ಮಾಡುತ್ತಿದ್ದರೆ ಈ ಅಂಶವನ್ನು ಮೊದಲೇ ಕೇಳಿ ತಿಳಿಯುವುದು ಲೇಸು.

ಜಮಾ, ವಿವರಣಪತ್ರ, ಪ್ರಮಾಣಪತ್ರ

ಸಂಘಗಳು ಮೊದಲು ಟ್ಯಾನ್ ಎಂಬ ಹತ್ತು ಅಕ್ಷರಾಂಕಗಳ ಕಡಿತದಾರ ಸಂಖ್ಯೆಯನ್ನು ಪಡೆಯಬೇಕು. ಮುರಿದುಕೊಂಡ ಹಣವನ್ನು ಮುಂದಿನ ತಿಂಗಳ 7ನೆಯ ತಾರೀಖಿನೊಳಗೆ ಜಮಾ ಮಾಡತಕ್ಕದ್ದು. ಮಾರ್ಚ್ ತಿಂಗಳ ಕಡಿತಕ್ಕೆ ಮಾತ್ರ ಏಪ್ರಿಲ್ 30ರವರೆಗೆ ಅವಕಾಶವುಂಟು. ನಾಲ್ಕು ತ್ರೈಮಾಸಿಕ ವಿವರಣಪತ್ರಗಳನ್ನು ಜುಲೈ 31, ಅಕ್ಟೋಬರ್ 31, ಜನವರಿ 31 ಮತ್ತು ಮೇ 31ರೊಳಗೆ ಸಲ್ಲಿಸಬೇಕು. ಅದರ ನಂತರ 15 ದಿನಗಳೊಳಗೆ ಹಣ ಪಡೆದವರಿಗೆ ಕಡಿತದ ಪ್ರಮಾಣಪತ್ರ ಕೊಡಬೇಕು.

ತಡವಾದರೆ ತೆರಬೇಕಾದ ಬೆಲೆ ಸಣ್ಣದಲ್ಲ. ಕಡಿತವನ್ನೇ ತಡಮಾಡಿದರೆ ತಿಂಗಳಿಗೆ ಶೇಕಡಾ 1, ಮುರಿದ ಹಣವನ್ನು ಜಮಾ ಮಾಡಲು ತಡಮಾಡಿದರೆ ಶೇಕಡಾ 1.5 ಬಡ್ಡಿ ಬೀಳುತ್ತದೆ. ತಿಂಗಳ ಭಾಗವನ್ನೂ ಪೂರ್ಣ ತಿಂಗಳೆಂದು ಎಣಿಸಲಾಗುತ್ತದೆ. ವಿವರಣಪತ್ರ ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಅದು ತೆರಿಗೆಯ ಮೊತ್ತವನ್ನು ಮೀರುವುದಿಲ್ಲ. ಆದರೂ 800 ರೂಪಾಯಿಗಳ ಕಡಿತದಲ್ಲಿ ನಾಲ್ಕೇ ದಿನಗಳಿಗೆ ಶುಲ್ಕವು ತೆರಿಗೆಗೆ ಸಮನಾಗಿಬಿಡುತ್ತದೆ. ಮುರಿದ ಹಣವನ್ನು ಕಟ್ಟದೇ ಉಳಿಸಿಕೊಂಡರೆ ಕ್ರಿಮಿನಲ್ ಮೊಕದ್ದಮೆಗೂ ಅವಕಾಶವಿದೆ.

ಹಣ ಪಡೆಯುವವರ ಹಕ್ಕು

ಕಡಿತವನ್ನು ಮಾಡುವವರ ದೃಷ್ಟಿಯಿಂದ ಮಾತ್ರ ನೋಡಿದರೆ ಚಿತ್ರ ಅಪೂರ್ಣವಾಗುತ್ತದೆ. 800 ರೂಪಾಯಿ ಸಂಘದ ಲೆಕ್ಕದಲ್ಲಿ ಒಂದು ಸಾಲು ಮಾತ್ರ. ಅಡುಗೆಯವರಿಗೆ ಅದು ದುಡಿಮೆಯ ಹಣ. ಅವರ ವರ್ಷದ ತೆರಿಗೆ ಅದಕ್ಕಿಂತ ಕಡಿಮೆಯಾದರೆ, ಆದಾಯ ವಿವರಣೆ ಸಲ್ಲಿಸಿ ಹೆಚ್ಚಿನದನ್ನು ಹಿಂದಕ್ಕೆ ಪಡೆಯುವ ಹಕ್ಕು ಅವರಿಗಿದೆ. ಆದರೆ ಸಂಘವು ಹಣವನ್ನು ಜಮಾ ಮಾಡದಿದ್ದರೆ, ಅಥವಾ ವಿವರಣಪತ್ರದಲ್ಲಿ ಪ್ಯಾನ್ ಸಂಖ್ಯೆಯ ಒಂದು ಅಕ್ಷರ ತಪ್ಪಾಗಿ ಬಿದ್ದರೆ, ಆ ಹಣ ಅವರ ಖಾತೆಯಲ್ಲಿ ಕಾಣಿಸುವುದೇ ಇಲ್ಲ.

ಇಂತಹ ಸಂದರ್ಭದಲ್ಲಿ ಕಾನೂನು ಹಣ ಪಡೆದವರ ರಕ್ಷಣೆಗೂ ನಿಂತಿದೆ. ಒಮ್ಮೆ ಕಡಿತವಾದ ತೆರಿಗೆಯನ್ನು ಮತ್ತೆ ಅವರಿಂದ ಕೇಳಕೂಡದು. ಕಡಿತದಾರರು ಜಮಾ ಮಾಡದ ತೆರಿಗೆಗಾಗಿ ಹಣ ಪಡೆದವರಿಂದ ಬಲವಂತದ ವಸೂಲಿ ಮಾಡಬಾರದೆಂದು ಕೇಂದ್ರ ನೇರ ತೆರಿಗೆಗಳ ಮಂಡಳಿಯು 2015ರ ಜೂನ್ 1ರಂದು ಅಧಿಕಾರಿಗಳಿಗೆ ನಿರ್ದೇಶನ ನೀಡಿತು. ಆದರೆ ಕಡಿತವಾಗಿದೆ ಎಂಬುದಕ್ಕೆ ಆಧಾರ ಬೇಕು. ಬಿಲ್ಲು, ಕಡಿತ ಕಳೆದು ಬಂದ ಹಣದ ಬ್ಯಾಂಕ್ ಲೆಕ್ಕ, ಸಂಘದ ಪತ್ರ, ಇವುಗಳನ್ನು ಹಣ ಪಡೆಯುವವರು ಜೋಪಾನವಾಗಿ ಇಟ್ಟುಕೊಳ್ಳಬೇಕು.

ಹಣ ಕೊಡುವವರ ಕರ್ತವ್ಯವನ್ನು ನಾಲ್ಕು ಮಾತಿನಲ್ಲಿ ಹೇಳಬಹುದು: ಕೆಲಸ ಒಪ್ಪಿಸುವಾಗ ಪ್ಯಾನ್, ಹಣ ಕೊಡುವಾಗ ಕಡಿತ, 7ರೊಳಗೆ ಜಮಾ, ತ್ರೈಮಾಸಿಕದ ಕೊನೆಯಲ್ಲಿ ವಿವರಣಪತ್ರ ಮತ್ತು ಪ್ರಮಾಣಪತ್ರ. ಹೊಸ ಕಾರ್ಯಕಾರಿ ಸಮಿತಿಗೆ ಅಧಿಕಾರ ವಹಿಸಿಕೊಡುವಾಗ ರಸೀದಿ ಪುಸ್ತಕ, ಬ್ಯಾಂಕ್ ಪಾಸ್‌ಬುಕ್‌ಗಳೊಡನೆ ಟ್ಯಾನ್ ಸಂಖ್ಯೆ, ಅದರ ಪ್ರವೇಶ ವಿವರ ಮತ್ತು ಬಾಕಿ ವಿವರಣಪತ್ರಗಳ ಪಟ್ಟಿಯನ್ನೂ ಬರಹದಲ್ಲಿ ಒಪ್ಪಿಸತಕ್ಕದ್ದು. ಖಜಾಂಚಿಗಳು ಬದಲಾಗುತ್ತಾರೆ, ಸಂಘದ ಹೊಣೆ ಮಾತ್ರ ಮುಂದುವರಿಯುತ್ತದೆ.