ಒಂದು ತಂಡ, ಇಬ್ಬರು ನಾಯಕರು

1968ರ ಅಕ್ಟೋಬರ್‌ನಲ್ಲಿ ಮೆಕ್ಸಿಕೊ ಒಲಿಂಪಿಕ್ಸ್‌ಗೆ ಹೋದ ಭಾರತದ ಹಾಕಿ ತಂಡಕ್ಕೆ ಇಬ್ಬರು ನಾಯಕರಿದ್ದರು: ಪೃಥಿಪಾಲ್ ಸಿಂಗ್ ಮತ್ತು ಗುರುಬಕ್ಷ್ ಸಿಂಗ್. ಒಬ್ಬರು ನಾಯಕ, ಮತ್ತೊಬ್ಬರು ಉಪನಾಯಕ ಎಂದಲ್ಲ, ಇಬ್ಬರಿಗೂ ಸಮಸಮ ಪಟ್ಟ. ಹಾಕಿಯನ್ನು ಹಚ್ಚಿಕೊಂಡವರ ನಡುವೆ ಅಂದಿನಿಂದ ಒಂದು ಮಾತು ಓಡಾಡುತ್ತಲೇ ಇದೆ. ಅವರಿಬ್ಬರಿಗೂ ಆಗಿಬರುತ್ತಿರಲಿಲ್ಲವಂತೆ, ಅದಕ್ಕೇ ಚಿನ್ನ ಕೈತಪ್ಪಿತಂತೆ. ಈ ಬೆಳಿಗ್ಗೆ ಆ ಮಾತನ್ನು ಸ್ವಲ್ಪ ತಾಳ್ಮೆಯಿಂದ ನೋಡಬೇಕು ಅನ್ನಿಸಿದೆ.

ಇಬ್ಬರೂ ಫುಲ್‌ಬ್ಯಾಕ್‌ಗಳು. ಆ ಕಾಲದ ಆಟದಲ್ಲಿ ಮುಂದೆ ಐವರು ಫಾರ್ವರ್ಡ್‌ಗಳು, ನಡುವೆ ಮೂವರು ಹಾಫ್‌ಬ್ಯಾಕ್‌ಗಳು, ಅವರ ಹಿಂದೆ ಇಬ್ಬರೇ ಫುಲ್‌ಬ್ಯಾಕ್‌ಗಳು. ಅವರನ್ನೂ ದಾಟಿ ಚೆಂಡು ಬಂದರೆ ಉಳಿದವನು ಗೋಲ್‌ಕೀಪರ್ ಒಬ್ಬನೇ. ಒಬ್ಬ ಬ್ಯಾಕ್ ಮುನ್ನುಗ್ಗಿ ಎದುರಾಳಿಯನ್ನು ತಡೆಯಲು ಹೋದರೆ, ಅವನು ಬಿಟ್ಟ ಜಾಗವನ್ನು ಇನ್ನೊಬ್ಬ ಕಾಯಬೇಕು. ಹಿಂದೆ ತಿರುಗಿ ನೋಡಲು ಸಮಯವಿರುವುದಿಲ್ಲ. ಇಂಥ ಜಾಗದಲ್ಲಿ ಆಡುವವರಿಗೆ ಗೆಳೆತನ ಇರಲೇಬೇಕೆಂದಿಲ್ಲ. ಜೊತೆಯವನು ತನ್ನ ಕೆಲಸ ಮಾಡುತ್ತಾನೆ ಎಂಬ ನಂಬಿಕೆ ಇದ್ದರೆ ಸಾಕು. ಒಟ್ಟಿಗೆ ಊಟಕ್ಕೆ ಕೂರದೆಯೂ ಅಂಗಳದಲ್ಲಿ ಒಬ್ಬರಿಗೊಬ್ಬರು ಬೆನ್ನಾಗಿ ನಿಲ್ಲುವ ಆಟಗಾರರು ಎಲ್ಲ ಆಟಗಳಲ್ಲೂ ಇದ್ದಾರೆ. ನೋಡುವ ನಮಗೆ ಮಾತ್ರ ಇದು ಸಾಲದು. ನಾವು ಮೆಚ್ಚಿದ ಇಬ್ಬರು ಪರಸ್ಪರ ಮೆಚ್ಚಲೇಬೇಕು ಎಂದು ಹಟ ಹಿಡಿಯುತ್ತೇವೆ.

ನಾಲ್ಕು ವರ್ಷ ಮೊದಲು, 1964ರಲ್ಲಿ, ಟೋಕಿಯೊದಲ್ಲಿ ಚಿನ್ನ ಗೆದ್ದ ತಂಡದಲ್ಲಿ ಈ ಇಬ್ಬರೂ ಇದ್ದರು. 1960ರ ರೋಮ್ ಫೈನಲ್‌ನಲ್ಲಿ ಪಾಕಿಸ್ತಾನದ ಎದುರು ಒಂದೇ ಗೋಲಿನಿಂದ ಸೋತ ನೋವು ಆಗ ಇನ್ನೂ ಹಸಿಯಾಗಿತ್ತು. ಟೋಕಿಯೊದ ಫೈನಲ್‌ನಲ್ಲೂ ಎದುರಿಗಿದ್ದದ್ದು ಪಾಕಿಸ್ತಾನವೇ. ಪೃಥಿಪಾಲ್ ಹೊಡೆದ ಶಾರ್ಟ್ ಕಾರ್ನರ್ ಎದುರಾಳಿಯ ಕಾಲಿಗೆ ಬಡಿಯಿತು, ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು, ಮೊಹಿಂದರ್ ಲಾಲ್ ಅದನ್ನು ಗೋಲಾಗಿಸಿದರು. ಒಂದು–ಸೊನ್ನೆ. ಆ ಕೂಟದಲ್ಲಿ ಭಾರತ ಗಳಿಸಿದ 22 ಗೋಲುಗಳಲ್ಲಿ ಹೆಚ್ಚುಕಡಿಮೆ ಅರ್ಧ ಪೃಥಿಪಾಲ್ ಒಬ್ಬರವೇ. ಹಿಂಬದಿಯಲ್ಲಿ ಆಡುವ ಆಟಗಾರನ ಲೆಕ್ಕ ಇದು!

ಮೆಕ್ಸಿಕೊಗೆ ನಾಯಕನನ್ನು ಆರಿಸುವಾಗ ಏನಾಯಿತು ಎಂಬುದಕ್ಕೆ ಹಲವು ಕಥೆಗಳಿವೆ. ಒಬ್ಬರ ಹೆಸರು ಮೊದಲು ಬಂತಂತೆ, ಇನ್ನೊಬ್ಬರು ಮುನಿಸಿಕೊಂಡರಂತೆ. ನನಗೆ ಆ ಮುನಿಸಿಗಿಂತ ದೊಡ್ಡದಾಗಿ ಕಾಣುವುದು ಆಡಳಿತದವರು ತೆಗೆದುಕೊಂಡ ತೀರ್ಮಾನ. ಒಂದೇ ಮನೆಗೆ ಇಬ್ಬರು ಯಜಮಾನರನ್ನು ಕೂರಿಸಿ, ಕೀಲಿಕೈ ಯಾರ ಸೊಂಟದಲ್ಲಿ ಎಂದು ಹೇಳದೆ ಬಿಟ್ಟಂತೆ ಆಯಿತು. ಯಾರನ್ನೂ ನೋಯಿಸಬಾರದು ಎಂಬ ಉದ್ದೇಶ ಅವರಿಗೆ ಇದ್ದಿರಬಹುದು. ಆದರೆ ಅಲ್ಲಿಯವರೆಗೆ ಗಾಳಿಮಾತಾಗಿದ್ದದ್ದಕ್ಕೆ ಅಂದು ಅಧಿಕೃತ ಮೊಹರು ಬಿತ್ತು. ಜಗಳವಿಲ್ಲದಿದ್ದರೆ ಇಬ್ಬರೇಕೆ ಎಂದು ಯಾರಾದರೂ ಕೇಳಿದರೆ ಉತ್ತರ ಕೊಡುವವರು ಯಾರು? ಆಮೇಲೆ ಆ ಇಬ್ಬರು ಮಾತಾಡಿದರೂ ಸುದ್ದಿ, ಮಾತಾಡದಿದ್ದರೂ ಸುದ್ದಿ.

ಮೊದಲ ಪಂದ್ಯದಲ್ಲೇ ನ್ಯೂಜಿಲೆಂಡ್ ಎದುರು 1–2ರ ಸೋಲು. ಅಲ್ಲಿಂದ ಸಾವರಿಸಿಕೊಂಡ ತಂಡ ಗುಂಪಿನ ಉಳಿದ ಪಂದ್ಯಗಳನ್ನು ಗೆದ್ದು ಸೆಮಿಫೈನಲ್ ತಲುಪಿತು. ಅಲ್ಲಿ ಆಸ್ಟ್ರೇಲಿಯಾ. ಹೆಚ್ಚುವರಿ ಸಮಯದವರೆಗೂ ಹೋರಾಡಿ ಮತ್ತೆ 1–2. ಕೊನೆಗೆ ಪಶ್ಚಿಮ ಜರ್ಮನಿಯನ್ನು ಸೋಲಿಸಿ ಕಂಚು. 1928ರಿಂದ ಚಿನ್ನ, ತಪ್ಪಿದರೆ ಬೆಳ್ಳಿ ಎಂದೇ ರೂಢಿಯಾಗಿದ್ದ ದೇಶಕ್ಕೆ ಆ ಕಂಚು ಸೋಲಿನಂತೆಯೇ ಕಂಡಿತು. ಸೋಲಿಗೆ ಕಾರಣ ಹುಡುಕುವವರಿಗೆ ಸಿದ್ಧವಾಗಿ ಎರಡು ಹೆಸರುಗಳು ಸಿಕ್ಕವು.

ಆದರೆ ನಾಲ್ಕು ವರ್ಷಗಳ ನಂತರದ ಕಥೆಯನ್ನೂ ಕೇಳಬೇಕಲ್ಲ. 1972ರ ಮ್ಯೂನಿಕ್‌ಗೆ ಹೋದ ತಂಡಕ್ಕೆ ಒಬ್ಬರೇ ನಾಯಕರು, ಹರ್ಮಿಕ್ ಸಿಂಗ್. ನಮ್ಮ ಕೊಡಗಿನ ಎಂ.ಪಿ. ಗಣೇಶ್ ಮತ್ತು ಬಿ.ಪಿ. ಗೋವಿಂದ ಆ ತಂಡದಲ್ಲಿದ್ದರು. ಸೆಮಿಫೈನಲ್‌ನಲ್ಲಿ ಪಾಕಿಸ್ತಾನದ ಎದುರು 0–2ರ ಸೋಲು, ಕೊನೆಗೆ ಮತ್ತೆ ಕಂಚು. ಅಲ್ಲಿ ಜಂಟಿ ನಾಯಕತ್ವದ ಗೊಂದಲವಿರಲಿಲ್ಲ, ಪದಕ ಮಾತ್ರ ಅದೇ. ಆ ವರ್ಷದ ಚಿನ್ನ ಪಶ್ಚಿಮ ಜರ್ಮನಿಗೆ ಹೋಯಿತು. ಜಗತ್ತು ಹಾಕಿ ಕಲಿತಿತ್ತು. ಆಸ್ಟ್ರೇಲಿಯಾ, ಜರ್ಮನಿ, ನೆದರ್ಲೆಂಡ್ಸ್ ದೇಶಗಳವರು ಮೈಬಲ, ತಯಾರಿ ಎರಡರಲ್ಲೂ ಮುಂದೆ ಬಂದಿದ್ದರು. 1976ರಲ್ಲಿ ಮಾಂಟ್ರಿಯಲ್‌ನಲ್ಲಿ ಹುಲ್ಲಿನ ಬದಲು ಕೃತಕ ಹಾಸು ಬಂದಾಗ ನಾವು ಏಳನೆಯ ಸ್ಥಾನಕ್ಕೆ ಇಳಿದೆವು. ಇದನ್ನೆಲ್ಲ ಇಬ್ಬರ ಮನಸ್ತಾಪದ ಲೆಕ್ಕಕ್ಕೆ ಬರೆದರೆ ಒಂದು ಅನುಕೂಲವಿದೆ: ಮೈದಾನ, ತರಬೇತಿ, ಆಡಳಿತ ಯಾವುದರ ಬಗ್ಗೆಯೂ ಯಾರೂ ಪ್ರಶ್ನೆ ಕೇಳಬೇಕಾಗುವುದಿಲ್ಲ.

ಪೃಥಿಪಾಲ್ ಹುಟ್ಟಿದ್ದು ನನ್‌ಕಾನಾ ಸಾಹಿಬ್‌ನಲ್ಲಿ, ಗುರುಬಕ್ಷ್ ಪೇಶಾವರದಲ್ಲಿ. ಎರಡೂ ಊರುಗಳು ಈಗ ಪಾಕಿಸ್ತಾನದಲ್ಲಿವೆ. ದೇಶ ವಿಭಜನೆಯಾದಾಗ ಪೃಥಿಪಾಲ್ ಕುಟುಂಬ ಭಾರತಕ್ಕೆ ಬಂತು. ಗುರುಬಕ್ಷ್ ಮುಂದೆ ಕಲ್ಕತ್ತದ ಹಾಕಿಯ ದೊಡ್ಡ ಹೆಸರಾದರು. ಅರ್ಜುನ ಪ್ರಶಸ್ತಿ 1961ರಲ್ಲಿ ಪೃಥಿಪಾಲ್ ಅವರಿಗೆ ಬಂತು, 1966ರಲ್ಲಿ ಗುರುಬಕ್ಷ್ ಅವರಿಗೆ. ಮೆಕ್ಸಿಕೊ ಇಬ್ಬರಿಗೂ ಕೊನೆಯ ಒಲಿಂಪಿಕ್ಸ್. 1983ರ ಮೇ ತಿಂಗಳಲ್ಲಿ, ತಾವು ದುಡಿಯುತ್ತಿದ್ದ ಲೂಧಿಯಾನದ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲೇ ಪೃಥಿಪಾಲ್ ಗುಂಡೇಟಿಗೆ ಬಲಿಯಾದರು. ಇಷ್ಟು ದೊಡ್ಡ ಬದುಕುಗಳು ಒಂದು ಮುನಿಸಿನ ಕಥೆಯಾಗಿ ಕುಗ್ಗಿದ್ದು ನನಗೆ ನಿಜಕ್ಕೂ ಸಂಕಟ ತರುತ್ತದೆ.

ಊರಿನ ಮೈದಾನದಲ್ಲಿ ಮಕ್ಕಳಿಗೆ ಹಾಕಿ ಹೇಳಿಕೊಡುವವರು, ಹಳೆಯ ಆಟಗಳ ಬಗ್ಗೆ ಬರೆಯುವವರು, ಮನೆಯಲ್ಲಿ ಮೊಮ್ಮಕ್ಕಳಿಗೆ ಕಥೆ ಹೇಳುವ ಹಿರಿಯರು ಈ ಮಾತು ಕೇಳುತ್ತಿರಬಹುದು. ನಿಮ್ಮಲ್ಲಿ ನನ್ನದೊಂದು ಕೋರಿಕೆ. ಪೃಥಿಪಾಲ್ ಮತ್ತು ಗುರುಬಕ್ಷ್ ಅವರ ಹೆಸರು ತೆಗೆದಾಗ ದಯವಿಟ್ಟು ಮೆಕ್ಸಿಕೊದ ಮನಸ್ತಾಪದಿಂದ ಶುರುಮಾಡಬೇಡಿ, ಟೋಕಿಯೊದ ಚಿನ್ನದಿಂದ ಶುರುಮಾಡಿ.